ಬೆಟ್ಟಮ್ಮ ಕೇಳಿದ ಐದನೆಯ ಪ್ರಶ್ನೆ

ಬೆಟ್ಟಮ್ಮನವರಿಗೆ ಸಿಟ್ಟು ಬಂದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅವರು ಮೆಲ್ಲಗೆ ಮಾತಾಡತೊಡಗಿದರೆಂದರೆ ನರ್ಸಿಂಗ್ ಶಾಲೆಯ ಹುಡುಗಿಯರು ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ಆಳು ಕುಳ್ಳು, ಬಣ್ಣ ಕಪ್ಪು, ಕೋಪ ಮೂಗಿನ ತುದಿಯಲ್ಲಿ. ಹುಡುಗಿಯರು ಅವರ ಬೆನ್ನ ಹಿಂದೆ ‘ಸೂಜಿಮೆಣಸಿನಕಾಯಿ’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. “ಗಾತ್ರ ನೋಡಿ ಮೋಸ ಹೋಗ್ಲಿಲ್ವಲ್ಲ, ಸದ್ಯ” ಎಂದಿದ್ದರಂತೆ.

ಹುಟ್ಟಿದ್ದು ಹಿನಕಲ್ಲಿನ ಒಕ್ಕಲು ಮನೆಯಲ್ಲಿ. ಮದುವೆಯಾಗಿ ಸಂಸಾರವೆಂದರೇನೆಂದು ತಿಳಿಯುವ ಮುಂಚೆಯೇ ಗಂಡನಿಗೆ ಪ್ಲೇಗು ತಗಲಿತು. ಊರಾಚೆಯ ಗುಡಿಸಲಿನಲ್ಲಿ ಅವನನ್ನು ಮಲಗಿಸಿದರು. ಯಾರೂ ಹತ್ತಿರ ಹೋಗಲಿಲ್ಲ, ಹೆಂಡತಿಯನ್ನೂ ಹೋಗಗೊಡಲಿಲ್ಲ. ನೀರು ಕೇಳುವ ಅವನ ದನಿ ಹೊಲದ ಈಚೆಗೂ ಕೇಳಿಸುತ್ತಿತ್ತು. ಆಮೇಲೆ ನಿಂತಿತು. ತವರಿಗೆ ಮರಳಿದ ಬೆಟ್ಟಮ್ಮ ಅಣ್ಣ ಜವರಯ್ಯನ ಬೆನ್ನು ಬಿಡದೆ ಕಾಡಿ ಮೈಸೂರಿನಲ್ಲಿ ಓದಿದರು, ದಾದಿಯರ ತರಬೇತಿಗೆ ಸೇರಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಅವರ ತಲೆಗೆ ಬಿಳಿ ಟೋಪಿ ಬಂತು.

ಊರಿನ ಹಿರಿಯರು ಜವರಯ್ಯನನ್ನು ತಡೆದು, “ಕಂಡೋರ ಮೈ ಮುಟ್ಟೋ ಕೆಲ್ಸಕ್ಕೆ ಹೆಣ್ಣ ಕಳಿಸ್ಬುಟ್ಟೆಯಲ್ಲೋ” ಎಂದು ಹಂಗಿಸಿದಾಗ, ಅಣ್ಣ ಬಾಯಿ ಬಿಡುವ ಮೊದಲೇ ಬೆಟ್ಟಮ್ಮ ಉತ್ತರ ಕೊಟ್ಟಿದ್ದರು: “ಮುಟ್ಟೋರಿಲ್ದೆ ಸತ್ತೋನ ಹೆಂಡ್ತಿ ನಾನು. ಇನ್ನೊಂದ್ಸಲ ಈ ಮಾತಾಡಿದ್ರೆ, ನಿಮಗೆ ಕಾಯಿಲೆ ಬಂದಾಗ ನಾನೂ ದೂರದಲ್ಲೇ ನಿಂತ್ಕತೀನಿ.”

ಕೆಲವು ವರ್ಷಗಳ ಮೇಲೆ ಮೈಸೂರಿನ ಒಂದು ಧರ್ಮಾಸ್ಪತ್ರೆಯವರು ತಮ್ಮದೇ ನರ್ಸಿಂಗ್ ಶಾಲೆ ತೆರೆದರು. ಬೆಟ್ಟಮ್ಮ ಅಲ್ಲಿ ಪಾಠ ಹೇಳುವ ಸಿಸ್ಟರ್ ಆದರು. ಪಾಠದ ಪುಸ್ತಕ ಇಂಗ್ಲೆಂಡಿನದು. ಪ್ರತಿ ಅಧ್ಯಾಯದ ಕೊನೆಯಲ್ಲಿ ಒಬ್ಬ ರೋಗಿಯ ಕಥೆ, ಕಥೆಯ ಕೆಳಗೆ ಪ್ರಶ್ನೆಗಳು. ರೋಗಿಗಳೆಲ್ಲ ಮಿಸ್ಟರ್ ಬ್ರೌನ್, ಮಿಸೆಸ್ ಹಿಲ್ ಇಂಥವರು. ಅವರ ಮನೆಯೊಳಗೆ ಕಲ್ಲಿದ್ದಲ ಅಗ್ಗಿಷ್ಟಿಕೆ, ಕಿಟಕಿಯಾಚೆ ಹಿಮ. ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬಂದ ಹುಡುಗಿಯರು ಆ ಹಿಮವನ್ನೂ ಸೇರಿಸಿ ಎಲ್ಲವನ್ನೂ ಉರು ಹೊಡೆಯುತ್ತಿದ್ದರು.

ಅವರಲ್ಲಿ ಒಬ್ಬಳು ಪುಟ್ಟತಾಯಮ್ಮ. ನಂಜನಗೂಡಿನ ಪಕ್ಕದ ಹಳ್ಳಿಯವಳು. ಕೈ ಚುರುಕು, ಬಾಯಿ ಮೆತ್ತಗೆ. ಒಂದು ಬೆಳಿಗ್ಗೆ ವಾರ್ಡಿನಲ್ಲಿ, ವಿಷಮಶೀತ ಜ್ವರದಿಂದ ಏಳುತ್ತಿದ್ದ ಹುಡುಗಿಯ ತಾಯಿ ಅವಳನ್ನು ಕೇಳಿದಳು: “ಮಗೀಗೆ ಏನ್ ಕೊಡಾನವ್ವ ಇನ್ಮೇಲೆ?” ಆಕೆ ಹೂವಿನ ಮಂಡಿಯ ಸಾಹುಕಾರರ ಹೆಂಡತಿ, ಹಣೆತುಂಬ ವಿಭೂತಿ. ಪುಟ್ಟತಾಯಮ್ಮ ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದಳು. ಬಾರ್ಲಿ ನೀರು, ಆಮೇಲೆ ‘ಬೀಫ್ ಟೀ’. ಅದು ಒಂದು ಬಗೆಯ ಟೀ ಪುಡಿಯಿರಬೇಕೆಂದು ಅವಳೂ ತಿಳಿದಿದ್ದಳು. ಪಕ್ಕದ ಮಂಚದ ಮುದುಕಿ ಹಿಂದೆ ದೊರೆಗಳ ಬಂಗಲೆಯಲ್ಲಿ ಆಯಾ ಆಗಿದ್ದವಳು. ಅದು ದನದ ಮಾಂಸ ಬೇಯಿಸಿ ತೆಗೆದ ರಸವೆಂದು ಆಕೆ ಬಿಡಿಸಿ ಹೇಳಿದಾಗ ವಾರ್ಡಿಗೆ ಬೆಂಕಿ ಬಿದ್ದಂತಾಯಿತು. ಸಾಹುಕಾರರು ಅಂಗಡಿ ಬಿಟ್ಟು ಓಡಿಬಂದರು. ಮುಖ್ಯ ವೈದ್ಯರಾದ ಡಾಕ್ಟರ್ ಬಿಂದುಮಾಧವರು ಎಲ್ಲರ ಎದುರಿಗೆ ಪುಟ್ಟತಾಯಮ್ಮನನ್ನು “ದನ ಕಾಯೋಕೆ ಹೋಗು” ಎಂದು ಬೈದರು.

ಬೆಟ್ಟಮ್ಮ ಹುಡುಗಿಯನ್ನು ಬೈಯಲಿಲ್ಲ. ತರಗತಿಗೆ ಬಂದು ಆ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಎತ್ತಿ ಹಾಕಿದರು. “ಇದರಲ್ಲಿರೋ ಒಬ್ಬ ರೋಗೀನಾದ್ರೂ ಈ ಆಸ್ಪತ್ರೆ ಬಾಗಿಲಿಗೆ ಬಂದಿದ್ದಾನಾ? ಬರದೇ ಇರೋರಿಗೆ ಚಿಕಿತ್ಸೆ ಕಲ್ತು ಬಂದೋರನ್ನ ಸಾಯಿಸ್ತೀರಾ?”

ಅಂದಿನಿಂದ ರೋಗಿಯ ಕಥೆಗಳನ್ನು ಅವರೇ ಬರೆಯತೊಡಗಿದರು, ಕನ್ನಡದಲ್ಲಿ. ವಾರ್ಡಿನಲ್ಲಿ ಕಂಡದ್ದನ್ನು ಹೆಸರು ಬದಲಿಸಿ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು. ‘ಗಾಡಿ ಹೊಡೆಯುವ ಕಾಳಯ್ಯನಿಗೆ ಹಿಮ್ಮಡಿಯ ಹುಣ್ಣು ಮಾಯುತ್ತಿಲ್ಲ. ಬಾಯಾರಿಕೆ ಬಹಳ. ಮೂತ್ರ ಹೊಯ್ದ ಕಡೆ ಇರುವೆ ಮುತ್ತುತ್ತವೆ ಎನ್ನುತ್ತಾನೆ. ಯಾವ ಕಾಯಿಲೆ ಇರಬಹುದು? ಅವನ ಪಾದವನ್ನು ಹೇಗೆ ನೋಡಿಕೊಳ್ಳುವಿರಿ? ಮುದ್ದೆ ಬಿಟ್ಟು ಬೇರೆ ಉಣ್ಣದವನಿಗೆ ಪಥ್ಯ ಹೇಗೆ ಹೇಳುವಿರಿ?’ ಹುಡುಗಿಯರು ತಮ್ಮ ತಾತನನ್ನೋ ಚಿಕ್ಕಪ್ಪನನ್ನೋ ನೆನೆಸಿಕೊಂಡು ಕೈ ಎತ್ತುತ್ತಿದ್ದರು. ಬಿಂದುಮಾಧವರಿಗೆ ಇದು ಹಿಡಿಸಲಿಲ್ಲ. “ಏನ್ರೀ ಇದು, ಹಳ್ಳಿ ಕಟ್ಟೆ ಪುರಾಣ?” ಎಂದು ನಕ್ಕರು. ಫಲಿತಾಂಶ ಚೆನ್ನಾಗಿ ಬಂದದ್ದರಿಂದ ಸುಮ್ಮನಾದರು.

ಬಿಂದುಮಾಧವರ ಕೈಗುಣ ಒಳ್ಳೆಯದೆಂದು ಊರೇ ಹೇಳುತ್ತಿತ್ತು. ಅದು ಸುಳ್ಳೂ ಅಲ್ಲ. ಆದರೆ ಆಸ್ಪತ್ರೆಯಲ್ಲಿ ಅವರಿಗೆ ಎದುರಾಡುವವರಿರಲಿಲ್ಲ. ಕಲಿಯುವ ಹುಡುಗಿಯರು ಅವರೊಡನೆ ನೇರವಾಗಿ ಮಾತಾಡಕೂಡದು, ಹೇಳುವುದಿದ್ದರೆ ಹಿರಿಯ ನರ್ಸಿನ ಮೂಲಕ ಹೇಳಬೇಕು ಎಂಬುದು ಅವರೇ ಮಾಡಿದ ಕಟ್ಟಳೆ.

ಐವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ವಿದ್ಯಾರಣ್ಯಪುರದಿಂದ ವಸಂತಮ್ಮ ಎಂಬ ಹೆಂಗಸು ಚೊಚ್ಚಲ ಹೆರಿಗೆಗೆ ಬಂದಳು. ಮನೆಯಲ್ಲಿ ಊದುಬತ್ತಿ ಹೊಸೆಯುವವಳು, ಬೆರಳುಗಳಿಗೆ ಇನ್ನೂ ಕರಿ ಮೆತ್ತಿತ್ತು. ಬೆಳಿಗ್ಗೆ ಹೆಣ್ಣು ಮಗು ಸುಖವಾಗಿ ಹುಟ್ಟಿತು. ಹೊರಗೆ ಕಾದಿದ್ದ ಗಂಡ ಮಹದೇವು ಎಲ್ಲರಿಗೂ ಕಲ್ಲುಸಕ್ಕರೆ ಹಂಚಿದ.

ಹಿರಿಯ ನರ್ಸು ಆಪರೇಷನ್ ಕೋಣೆಯಲ್ಲಿದ್ದರು. ಬೆಟ್ಟಮ್ಮ ಆ ದಿನ ರಜೆ ಪಡೆದು ಹಿನಕಲ್ಲಿಗೆ ಹೋಗಿದ್ದರು. ವಾರ್ಡಿನಲ್ಲಿದ್ದವರು ಪುಟ್ಟತಾಯಮ್ಮ ಮತ್ತು ಒಬ್ಬ ಆಯಾ. ಬಾಣಂತಿಯ ಬಟ್ಟೆ ಮತ್ತೆ ಮತ್ತೆ ತೊಯ್ಯುತ್ತಿರುವುದನ್ನು ಪುಟ್ಟತಾಯಮ್ಮ ಕಂಡಳು. ನಾಡಿ ಓಡುತ್ತಿತ್ತು, ತುಟಿ ಬೆಳ್ಳಗಾಗಿತ್ತು, ಹೊಟ್ಟೆ ಮುಟ್ಟಿದರೆ ಗರ್ಭಕೋಶ ಮೆತ್ತಗೆ. ಕಲಿತದ್ದನ್ನೆಲ್ಲ ಮಾಡಿದಳು. ಹೊಟ್ಟೆ ನೀವಿದಳು, ಮಂಚದ ಕಾಲುಬದಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದಳು. ರಕ್ತ ನಿಲ್ಲಿಸುವ ಇಂಜೆಕ್ಷನ್ ಬೀರುವಿನಲ್ಲಿತ್ತು. ಡಾಕ್ಟರು ಹೇಳದೆ ಅದನ್ನು ತೆಗೆಯುವಂತಿರಲಿಲ್ಲ. ಆಯಾಳಿಗೆ ಹೊಟ್ಟೆ ನೀವುತ್ತಿರಲು ಹೇಳಿ ಅವಳು ಡಾಕ್ಟರ ಕೋಣೆಗೆ ಓಡಿದಳು.

ಒಳಗೆ ಧರ್ಮದರ್ಶಿಗಳು ಕೂತಿದ್ದರು. ಹೊಸ ವಾರ್ಡು ಕಟ್ಟಿಸಲು ಒಪ್ಪಿದ್ದ ಬೆಂಗಳೂರಿನ ದಾನಿಯೊಬ್ಬರು ಬಂದಿದ್ದರು. ಕಾಫಿ, ಮೈಸೂರು ಪಾಕು, ನಗು. “ಸಾರ್, ಬಾಣಂತಿಗೆ...” ಎಂದಳು ಪುಟ್ಟತಾಯಮ್ಮ. ಬಿಂದುಮಾಧವರು ತಲೆಯೆತ್ತದೆ ಕೈ ಬೀಸಿದರು. “ಹೊರಗೆ ನಿಲ್ಲು.”

ನಿಂತಳು. ಮತ್ತೊಮ್ಮೆ ಬಾಗಿಲು ಸರಿಸಿ “ಸಾರ್” ಎಂದಳು. “ಹೇಳ್ದೆನಲ್ಲ!” ಎಂದರು. ವಾರ್ಡಿಗೆ ಓಡಿದಳು, ಮತ್ತೆ ಬಂದು ನಿಂತಳು. ಅತಿಥಿಗಳನ್ನು ಕಾರಿನವರೆಗೆ ಕಳಿಸಿಕೊಟ್ಟು ಡಾಕ್ಟರು ವಾರ್ಡಿಗೆ ಬರುವ ಹೊತ್ತಿಗೆ ವಸಂತಮ್ಮನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಆಮೇಲೆ ಮಾಡಿದ್ದು ಯಾವುದೂ ಫಲಿಸಲಿಲ್ಲ.

ಬೆಟ್ಟಮ್ಮ ಮಾರನೆಯ ದಿನ ಬರುವಷ್ಟರಲ್ಲಿ ತೀರ್ಮಾನವಾಗಿ ಹೋಗಿತ್ತು. ವಿದ್ಯಾರ್ಥಿನಿಯ ಅಲಕ್ಷ್ಯದಿಂದ ಸಾವು, ಪುಟ್ಟತಾಯಮ್ಮನನ್ನು ಶಾಲೆಯಿಂದ ತೆಗೆದಿದೆ. ಹುಡುಗಿ ಆಗಲೇ ಟ್ರಂಕು ಹೊತ್ತು ಊರಿಗೆ ಹೋಗಿದ್ದಳು. ಆಯಾಳಿಂದ ನಡೆದದ್ದನ್ನೆಲ್ಲ ಕೇಳಿ ಬೆಟ್ಟಮ್ಮ ಡಾಕ್ಟರ ಕೋಣೆಗೆ ನೇರವಾಗಿ ನುಗ್ಗಿದರು.

“ಅವಳು ಬಂದು ಹೇಳಿದ್ಲಾ ಇಲ್ವಾ?”

“ಸರಿಯಾಗಿ ಹೇಳೋಕೆ ಬರಲಿಲ್ಲ ನಿಮ್ಮ ಹುಡುಗಿಗೆ” ಎಂದರು ಬಿಂದುಮಾಧವರು. “ಬಾಗಿಲ ಹತ್ರ ನಿಂತು ಗೊಣಗಿದ್ರೆ ನನಗೇನು ಕನಸು ಬೀಳುತ್ತಾ?”

“ನಿಲ್ಲಿಸ್ದೋರು ಯಾರು? ಕಾಫಿ ಆರೋಗ್ತದೆ ಅಂತ ಒಂದು ಜೀವ ಆರಿಸಿದ್ರಲ್ಲ ಸಾರ್!”

“ನಾಲಿಗೆ ಬಿಗಿ ಹಿಡೀರಿ, ಸಿಸ್ಟರ್.”

“ನಾವು ಹಿಡಿದೂ ಹಿಡಿದೂ ಆ ಬಾಣಂತಿ ಸತ್ಲು” ಎಂದರು ಬೆಟ್ಟಮ್ಮ. ದನಿ ಎಷ್ಟು ಇಳಿದಿತ್ತೆಂದರೆ ಡಾಕ್ಟರು ಮುಂದಕ್ಕೆ ಬಾಗಿ ಕೇಳಬೇಕಾಯಿತು.

ವಾರ್ಷಿಕ ಪರೀಕ್ಷೆ ಹತ್ತಿರವಿತ್ತು. ಪ್ರಶ್ನೆ ಬರೆಯುವುದು ಬೆಟ್ಟಮ್ಮನವರ ಕೆಲಸವೇ. ಆ ಸಲ ಹೆಸರು ಬಿಟ್ಟು ಬೇರೇನನ್ನೂ ಬದಲಿಸಲಿಲ್ಲ. ‘ಊದುಬತ್ತಿ ಹೊಸೆಯುವ ಹೆಂಗಸು, ಚೊಚ್ಚಲ ಹೆರಿಗೆ’ ಎಂದು ಕಥೆ ಶುರುವಾಗುತ್ತಿತ್ತು. ಮೊದಲು ಕಾಣುವ ಲಕ್ಷಣಗಳಾವುವು? ವೈದ್ಯರು ಬರುವ ಮುನ್ನ ನಿಮ್ಮ ಕೈಯಲ್ಲಿ ಏನಾಗುತ್ತದೆ? ರೋಗಿಗೆ ಧೈರ್ಯ ಹೇಗೆ ಹೇಳುವಿರಿ? ವೈದ್ಯರಿಗೆ ಒಂದೇ ವಾಕ್ಯದಲ್ಲಿ ಏನು ತಿಳಿಸುವಿರಿ? ಐದನೆಯದು: ‘ವೈದ್ಯರು ನಿಮ್ಮ ಮಾತು ಕೇಳದೆ ಹೊರಗೆ ನಿಲ್ಲು ಎಂದರು. ಈಗ ಏನು ಮಾಡುವಿರಿ?’

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕಂಡ ಬಿಂದುಮಾಧವರು ಕೆಂಡವಾಗಿ ಬಂದರು. ಹುಡುಗಿಯರೆಲ್ಲ ಎದ್ದು ನಿಂತರು. “ಐದನೇದನ್ನ ಹೊಡೆದು ಹಾಕಿ. ಇದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ.”

“ವಸಂತಮ್ಮ ಅದಕ್ಕೇ ಸತ್ತಿದ್ದು, ಸಾರ್. ಕೂತ್ಕೊಳ್ರಮ್ಮ, ಬರೀರಿ.”

ಹುಡುಗಿಯರು ಯಾರ ಮಾತು ಕೇಳಬೇಕೆಂದು ತೋಚದೆ ಅತ್ತಿತ್ತ ನೋಡಿ ಒಬ್ಬೊಬ್ಬರಾಗಿ ಕೂತರು. ಬಿಂದುಮಾಧವರು ಹೊರಟುಹೋದರು.

ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತ ಬೆಟ್ಟಮ್ಮನವರಿಗೆ ನಿಜವಾದ ಪೆಟ್ಟು ಬಿದ್ದದ್ದು ಆಗ. ಮೊದಲ ನಾಲ್ಕು ಪ್ರಶ್ನೆಗಳಿಗೆ ಮುತ್ತು ಪೋಣಿಸಿದಂಥ ಉತ್ತರಗಳು. ಐದನೆಯದಕ್ಕೆ ಒಬ್ಬಳು, ‘ವೈದ್ಯರ ಆಜ್ಞೆಯಂತೆ ಹೊರಗೆ ನಿಲ್ಲುವೆನು’ ಎಂದು ಬರೆದಿದ್ದಳು. ಮುಂದಿನವಳು, ‘ವಿನಯದಿಂದ ಕಾಯುವೆನು’. ಅದರ ಮುಂದಿನವಳು, ‘ಹಿರಿಯ ನರ್ಸ್ ಬರುವವರೆಗೆ ದೇವರನ್ನು ಪ್ರಾರ್ಥಿಸುವೆನು’. ಎಲ್ಲ ಹಾಳೆಗಳಲ್ಲೂ ಅದೇ. ಬಾಗಿಲು ದಾಟಿದವಳು ಒಬ್ಬಳೂ ಇಲ್ಲ.

ಇಷ್ಟು ವರ್ಷ ‘ಎದುರಾಡಬೇಡಿ, ತಗ್ಗಿ ನಡೆಯಿರಿ’ ಎಂದು ಪಾಠ ಹೇಳಿದವರಲ್ಲಿ ಅವರೂ ಒಬ್ಬರು. ಆ ಸಿಟ್ಟನ್ನು ಯಾರ ಮೇಲೆ ಹಾಕುವುದು? ಹಾಳೆಗಳನ್ನು ಹಾಗೆಯೇ ಹಿಡಿದು ತರಗತಿಗೆ ಹೋದರು. ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕೂತರು.

“ನಾನು ಡಾಕ್ಟ್ರು. ಒಳಗೆ ಬಾಣಂತಿ ಸಾಯ್ತಾ ಇದಾಳೆ. ರಮಾಮಣಿ, ಬಾ. ನನ್ನ ಎಬ್ಬಿಸು.”

ಅಗ್ರಹಾರದ ಹುಡುಗಿ ರಮಾಮಣಿ ಕೈ ಕಟ್ಟಿ ನಿಂತು, “ಸಾರ್, ದಯವಿಟ್ಟು...” ಎಂದಳು.

“ಹೊರಗೆ ನಿಲ್ಲು!”

ಹುಡುಗಿ ಹಿಂದೆ ಸರಿದಳು.

“ಸತ್ಲು” ಎಂದರು ಬೆಟ್ಟಮ್ಮ. “ಇನ್ನೊಬ್ಳು ಬರ್ಲಿ.”

ಇನ್ನೊಬ್ಬಳೂ ಸರಿದಳು. “ಈ ಬಾಣಂತೀನೂ ಸತ್ಲು.” ಹುಡುಗಿಯರು ಅಳತೊಡಗಿದರು. ಬೆಟ್ಟಮ್ಮ ಬಿಡಲಿಲ್ಲ. “ಅಳೋದು ಆಮೇಲೆ. ಕೂಗ್ರೇ! ಹಸು ಹೊಲಕ್ಕೆ ನುಗ್ಗಿದ್ರೆ ಹೆಂಗೆ ಕೂಗ್ತೀರಿ? ಮನುಷ್ಯರು ಸಾಯ್ವಾಗ ಗಂಟ್ಲು ಕಟ್ತದಾ?” ಕೊನೆಗೆ ರಮಾಮಣಿಯೇ ಮತ್ತೆ ಬಂದು, ಕೆಂಪಗಾದ ಮುಖದಲ್ಲಿ, “ರಕ್ತ ಹೋಗ್ತಾ ಇದೆ, ಏಳಿ!” ಎಂದು ಕಿರುಚಿ ಕುರ್ಚಿಯನ್ನು ಎರಡೂ ಕೈಯಲ್ಲಿ ಎಳೆದಳು. ಬೆಟ್ಟಮ್ಮ ಬೀಳುವುದರಲ್ಲಿದ್ದರು. ಎದ್ದು ಸೆರಗು ಕೊಡವಿಕೊಂಡು, “ಹೂಂ. ಈಗ ಪಾಸು” ಎಂದರು.

ಆ ಗದ್ದಲ ಆಸ್ಪತ್ರೆಯ ಮೊಗಸಾಲೆಯುದ್ದಕ್ಕೂ ಕೇಳಿಸಿತ್ತು. ಅದೇ ವಾರ ಮಹದೇವು ಹೆಂಡತಿಯ ಬಟ್ಟೆಗಂಟು ಕೇಳಿಕೊಂಡು ಬಂದ. ಗುಮಾಸ್ತರು, ‘ವಿಧಿ ಕಣಪ್ಪ’ ಎಂದು ಸಮಾಧಾನ ಹೇಳುತ್ತಿದ್ದರು. ಬೆಟ್ಟಮ್ಮ ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: “ವಿಧಿ ಅಲ್ಲ ಕಣಪ್ಪ. ನಿನ್ನ ಹೆಂಡ್ತಿ ಸಾಯೋ ಹಂಗಿರಲಿಲ್ಲ. ಕರೆದ್ರೂ ಡಾಕ್ಟ್ರು ಏಳ್ಲಿಲ್ಲ. ಕರೆದವಳನ್ನೇ ಓಡಿಸ್ಬುಟ್ರು.”

ಮಹದೇವು ಗಂಟನ್ನು ಹೆಗಲಿಗೇರಿಸಿ ನೇರ ತನ್ನ ಬೀದಿಗೆ ನಡೆದ. ಮರುದಿನ ಅವನ ಬೀದಿಯವರೆಲ್ಲ, ಊದುಬತ್ತಿ ಹೊಸೆಯುವ ಹೆಂಗಸರೇ ಮುಂದಾಗಿ, ಆಸ್ಪತ್ರೆಯ ಗೇಟಿನಲ್ಲಿ ಕೂತರು. ಧರ್ಮದರ್ಶಿಗಳು ವಿಚಾರಣೆ ನಡೆಸಲೇಬೇಕಾಯಿತು. ಬೆಟ್ಟಮ್ಮ ಹೇಳಿದರು, ಆಯಾ ಹೇಳಿದಳು. ಕಡೆಗೆ ಬಂದ ನ್ಯಾಯ ಇಷ್ಟು: ಬಿಂದುಮಾಧವರು ‘ಆರೋಗ್ಯದ ಕಾರಣದಿಂದ’ ಹಾರ ಹಾಕಿಸಿಕೊಂಡು ನಿವೃತ್ತರಾದರು. ಪುಟ್ಟತಾಯಮ್ಮ ಬಯಸಿದರೆ ಮತ್ತೆ ಸೇರಬಹುದು ಎಂದಾಯಿತು. ಸಂಸ್ಥೆಯ ಮಾನ ಬೀದಿಗೆ ತಂದದ್ದಕ್ಕೆ ಬೆಟ್ಟಮ್ಮನವರನ್ನು ಕೆಲಸದಿಂದ ತೆಗೆದರು.

ಅವರು ನೇರವಾಗಿ ನಂಜನಗೂಡಿನ ಬಸ್ಸು ಹತ್ತಿದರು. ಪುಟ್ಟತಾಯಮ್ಮ ಹಟ್ಟಿಯ ಮುಂದೆ ಹುರುಳಿ ಬಡಿಯುತ್ತಿದ್ದಳು. ಮದುವೆ ಗೊತ್ತಾಗಿತ್ತು.

“ಹೊರಡು” ಎಂದರು ಬೆಟ್ಟಮ್ಮ. “ನಿನ್ನ ತಪ್ಪಿಲ್ಲ ಅಂತ ಆಯ್ತು.”

“ನಾ ಬರಾಕಿಲ್ಲ, ಸಿಸ್ಟರ್.”

“ಹೆದ್ರಿಕೆಯಾ? ಇಷ್ಟೆಲ್ಲ ಹೊಡೆದಾಡಿದ್ದು ಯಾರಿಗೋಸ್ಕರ? ಹುರುಳಿ ಬಡಿಯೋಕಾ ನಿನಗೆ ಕಲಿಸಿದ್ದು?”

ಪುಟ್ಟತಾಯಮ್ಮ ಕೋಲು ಕೆಳಗಿಟ್ಟಳು. ಅವಳ ದನಿ ಅಷ್ಟು ಗಟ್ಟಿಯಾಗಿ ಎದ್ದದ್ದನ್ನು ಬೆಟ್ಟಮ್ಮ ಎಂದೂ ಕೇಳಿರಲಿಲ್ಲ. “ನನ್ನ ಮ್ಯಾಲೆ ಯಾಕೆ ಸಿಟ್ಟು ಮಾಡ್ತೀರಿ? ನೀವು ಹೇಳ್ಕೊಟ್ಟಂಗೇ ಮಾಡ್ದೆ. ಹೋಗಿ ಹೇಳ್ದೆ. ನಿಂತ್ಕೊ ಅಂದ್ರು, ನಿಂತ್ಕೊಂಡೆ. ಅದೂ ನೀವೇ ಹೇಳ್ಕೊಟ್ಟಿದ್ದು. ಅವಳು ನನ್ನ ಕೈ ಹಿಡ್ಕೊಂಡಿದ್ಲು ಸಿಸ್ಟರ್, ಬಿಡಿಸ್ಕೊಂಡು ಬಂದು ಅಲ್ಲಿ ನಿಂತಿದ್ದೆ. ಇನ್ನೊಬ್ರು ಕೈ ಹಿಡಿಯಾಕೆ ನನ್ನ ಕೈಲಿ ಆಗಾಕಿಲ್ಲ.”

ಬೆಟ್ಟಮ್ಮ ಅಲ್ಲೇ ಕೂತು, ಇನ್ನೊಂದು ಕೋಲು ತೆಗೆದುಕೊಂಡು, ಬಸ್ಸಿನ ಹೊತ್ತಾಗುವವರೆಗೂ ಅವಳ ಜೊತೆ ಹುರುಳಿ ಬಡಿದರು. ಹೊರಡುವಾಗ, “ನೀನು ಒಳ್ಳೇ ನರ್ಸು. ಅವರು ಕೆಡಿಸಿದ್ರು, ನಾನೂ ಕೆಡಿಸಿದೆ” ಎಂದಷ್ಟೇ ಹೇಳಿದರು.

ಆಮೇಲೆ ಅವರು ವಿದ್ಯಾರಣ್ಯಪುರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಸೇರಿದರು. ಅಲ್ಲಿ ಬೇರೆ ಹುಡುಗಿಯರಿಗೂ ಕಲಿಸಿದರು, ಸೂಲಗಿತ್ತಿಯರಿಗೂ ಕಲಿಸಿದರು. ಯಾರಿಗೂ ‘ತಗ್ಗಿ ನಡೆಯಿರಿ’ ಎಂದು ಹೇಳಲಿಲ್ಲ. ಅರವತ್ತರ ದಶಕದ ನಡುವೆ ಬಿಂದುಮಾಧವರು ನಿವೃತ್ತಿಯ ಮೇಲೆ ತೆರೆದಿದ್ದ ಸ್ವಂತ ಕ್ಲಿನಿಕ್ಕಿಗೆ ಹತ್ತು ವರ್ಷ ತುಂಬುವ ಮೊದಲೇ ಮಹಡಿ ಎದ್ದಿತ್ತು. ಅದರ ಉದ್ಘಾಟನೆಯ ಕರೆಯೋಲೆ ಈ ಆಸ್ಪತ್ರೆಗೂ ಬಂತು. ಜೊತೆಯ ನರ್ಸ್ ಸರೋಜಮ್ಮ, “ಹೋಗಿ ಬರೋಣ ಬನ್ನಿ ಅಕ್ಕ. ಹಳೇ ಮಾತು, ಮರೆತುಬಿಡಿ” ಎಂದರು.

“ವಸಂತಮ್ಮನ ಮಗಳು ದಿನಾ ನಮ್ಮ ಬಾಗಿಲ ಮುಂದೆ ಸ್ಕೂಲಿಗೆ ಹೋಗ್ತಾಳೆ” ಎಂದರು ಬೆಟ್ಟಮ್ಮ, ಬಹಳ ಮೆಲ್ಲಗೆ. “ಅವಳಿಗೆ ಜಡೆ ಹಾಕೋರಿಲ್ಲ, ಅಪ್ಪನೇ ಹೆಂಗೋ ಸುತ್ತಿ ಕಳಿಸ್ತಾನೆ. ಹಳೇ ಮಾತು ಅಂತ ಅವಳಿಗೆ ಹೇಳಿ, ನೋಡಾನ.”

ಸರೋಜಮ್ಮ ಒಬ್ಬರೇ ಹೋಗಿ ಬಂದರು.