ಓದದೆ ಅಚ್ಚು ಹಾಕಿಸಿದವರು

ಪ್ರಾದೇಶಿಕ ಪತ್ರಿಕೋದ್ಯಮದ ಇತಿಹಾಸ ಬರೆಯುವವರು ಸಂಪಾದಕರ ಲೇಖನಿಯನ್ನು ಕೊಂಡಾಡುತ್ತಾರೆ, ಮಾಲೀಕರ ಎದೆಗಾರಿಕೆಯನ್ನು ಹೊಗಳುತ್ತಾರೆ. ಒಬ್ಬರ ಮುಖ ಒಬ್ಬರು ನೋಡದ ಈ ಮಹನೀಯರನ್ನು ಒಂದೇ ಮೇಜಿನ ಸುತ್ತ ಕೂರಿಸಿದವರನ್ನು ಮಾತ್ರ ಮರೆಯುತ್ತಾರೆ. ನಮ್ಮ ಪತ್ರಿಕಾ ಸಂಘದಲ್ಲಿ ಆ ಕೆಲಸ ಮಾಡಿ ಈಗ ನಿವೃತ್ತರಾಗುತ್ತಿರುವವರು, ನಾವೆಲ್ಲ ಕಾರ್ಯದರ್ಶಿಯಮ್ಮ ಎಂದೇ ಕರೆಯುವ ಹಿರಿಯರು.

ಸಂಘ ಹುಟ್ಟಿದ್ದು ಆದರ್ಶದಿಂದಲ್ಲ, ಕಾಗದದ ಅಭಾವದಿಂದ. ಬಿಡಿಯಾಗಿ ಹೋದವರಿಗೆ ಕಾಗದದ ಗಿರಣಿಯವರು ಇಲ್ಲವೆಂದು ಕೈಯಾಡಿಸಿಬಿಟ್ಟಾಗ, ಹಾವು ಮುಂಗುಸಿಯಂತಿದ್ದ ಪತ್ರಿಕೆಗಳವರು ಒಟ್ಟಾಗಿ ಹೋಗಿ ಕೇಳಿದರು. ಕಾಗದ ಸಿಕ್ಕಿತು, ಸ್ನೇಹ ಸಿಗಲಿಲ್ಲ. ಕರಡು ತಿದ್ದುವ ಕೆಲಸ ಬಿಟ್ಟು ಸಂಘಕ್ಕೆ ಬಂದ ಕಾರ್ಯದರ್ಶಿಯಮ್ಮ ಮೊದಲು ತಿದ್ದಿದ್ದು ಒಂದು ಪದವನ್ನು. ಸಭೆಯಲ್ಲಿ ಯಾರಾದರೂ ‘ಎದುರಾಳಿ ಪತ್ರಿಕೆ’ ಎಂದರೆ, ತಲೆಯೆತ್ತದೆ ‘ಪಕ್ಕದ ಮನೆ’ ಎನ್ನುತ್ತಿದ್ದರು. ಎಲ್ಲರೂ ನಕ್ಕರು, ಕ್ರಮೇಣ ಎಲ್ಲರ ಬಾಯಲ್ಲೂ ಅದೇ ಉಳಿಯಿತು.

ಆ ಪದದ ಬೆಲೆ ನನಗೆ ತಿಳಿದದ್ದು, ತಂದೆಯವರಿಂದ ಬಂದ ನಮ್ಮ ಪುಟ್ಟ ಪತ್ರಿಕೆಯ ಮುದ್ರಣಯಂತ್ರದ ಮೋಟಾರು ಒಂದು ಸಂಜೆ ಸುಟ್ಟುಹೋದಾಗ. ಒಂದು ದಿನ ಬಾರದ ಪತ್ರಿಕೆಯನ್ನು ಓದುಗರು ಕ್ಷಮಿಸುತ್ತಾರೆ. ಆದರೆ ಆ ದಿನ ಕೊಂಡ ಇನ್ನೊಂದನ್ನು ಬಿಡುವುದಿಲ್ಲ. ಊರಿನಲ್ಲಿ ಬೇರೆ ಯಂತ್ರವಿದ್ದದ್ದು ದೊಡ್ಡ ಪತ್ರಿಕೆಯ ಯಜಮಾನರ ಬಳಿ ಮಾತ್ರ. ನಮ್ಮ ಮರುದಿನದ ಸಂಪಾದಕೀಯವೋ, ಅವರನ್ನೇ ತರಾಟೆಗೆ ತೆಗೆದುಕೊಂಡಿತ್ತು. ನಾನು ಕೈಚೆಲ್ಲಿ ಕುಳಿತಿದ್ದೆ. ಸುದ್ದಿ ತಿಳಿದು ಬಂದ ಕಾರ್ಯದರ್ಶಿಯಮ್ಮ ಪುಟಗಳನ್ನು ಕಂಕುಳಲ್ಲಿ ಅವುಚಿಕೊಂಡು, ನನ್ನನ್ನು ಮುಂದೆ ಬಿಟ್ಟುಕೊಂಡು ಹೊರಟೇಬಿಟ್ಟರು.

ಯಜಮಾನರು ಸಂಪಾದಕೀಯದ ಶೀರ್ಷಿಕೆ ನೋಡಿಯೇ ಕೆಂಡವಾದರು. “ನನ್ನ ಮೆಷಿನ್ನಲ್ಲಿ ನನ್ನನ್ನೇ ಬೈಸ್ಕೋಬೇಕಾ? ಇದೊಂದು ತೆಗೀಲಿ, ಉಳಿದಿದ್ದು ಹಾಕ್ತೀನಿ.”

ನಾನು ತೆಗೆಯಲು ಸಿದ್ಧನಾಗಿದ್ದೆ. ಕಾರ್ಯದರ್ಶಿಯಮ್ಮ ಬಿಡಲಿಲ್ಲ.

“ಮೆಷಿನ್ ನಿಮ್ಮದು ಯಜಮಾನ್ರೇ, ಪುಟ ಪಕ್ಕದ ಮನೆಯದು. ಅಚ್ಚಾಗೋ ತನಕ ಪುಟ ಯಾರದೋ ಅವರು ಮಾತ್ರ ಓದ್ಬೇಕು. ನೀವು ಓದ್ಬೇಡಿ, ಸುಮ್ನೆ ಅಚ್ಚು ಹಾಕಿ.”

“ಓದ್ದೇ ಇರೋದು ಹೇಗಮ್ಮಾ?”

“ನಾಳೆ ಬೆಳಿಗ್ಗೆ ದುಡ್ಡು ಕೊಟ್ಟು ಓದಿ, ಎಲ್ಲರ ಹಾಗೆ.”

ಯಜಮಾನರು ಪುಟವನ್ನು ಬೋರಲು ಮಾಡಿ ಮುದ್ರಣದವರ ಕೈಗೆ ಕೊಟ್ಟರು. ಮರುದಿನ ನಮ್ಮ ಪತ್ರಿಕೆ ಒಂದಕ್ಷರವೂ ಕಡಿಮೆಯಾಗದೆ ಮನೆಮನೆ ತಲುಪಿತು. ಮುಂದೆ ಓದದೆ ಅಚ್ಚು ಹಾಕಿಕೊಡುವುದೇ ಸಂಘದ ನಿಯಮವಾಯಿತು. ಕೆಲವು ಕಾಲದ ನಂತರ ಯಜಮಾನರ ಯಂತ್ರ ಕೆಟ್ಟಾಗ ಅವರ ಪತ್ರಿಕೆಯನ್ನು ನಾವು ಅಚ್ಚು ಹಾಕಿಕೊಟ್ಟೆವು. ಅದರಲ್ಲಿ ನಮ್ಮನ್ನು ಚೆನ್ನಾಗಿ ಝಾಡಿಸಿದ ಅಂಕಣವೊಂದಿತ್ತೆಂಬುದು ಮರುದಿನ ಕೊಂಡು ಓದಿದಾಗಲೇ ಗೊತ್ತಾದದ್ದು. ನನಗೆ ಸಿಟ್ಟು ಬಂದದ್ದು ನಿಜ, ಹೆಮ್ಮೆಯೆನಿಸಿದ್ದೂ ನಿಜ.

ಕಾರ್ಯದರ್ಶಿಯಮ್ಮನವರಿಗಾಗಿ ನಾವೆಲ್ಲ ಬರೆದ ಈ ಅಭಿನಂದನ ಸಂಪುಟ ಅಚ್ಚಾಗುತ್ತಿರುವುದೂ ಯಜಮಾನರ ಮುದ್ರಣಾಲಯದಲ್ಲೇ. ಮೊನ್ನೆ ಕಾರ್ಯದರ್ಶಿಯಮ್ಮ ಕೆಂಪು ಪೆನ್ನು ಹಿಡಿದು ಅಲ್ಲಿಗೆ ಹೋಗಿದ್ದರಂತೆ. “ಹೊಗಳಿಕೆ ಜಾಸ್ತಿಯಾಗಿರತ್ತೆ, ಒಂದ್ಸಲ ಕರಡು ಕೊಡಿ” ಎಂದರಂತೆ. ಈಗ ಕೋಲೂರಿ ನಡೆಯುವ ಯಜಮಾನರು ಪುಟಗಳನ್ನು ಬೋರಲು ಹಾಕಿ, ಮೇಲೆ ಕೈಯಿಟ್ಟು ಕುಳಿತರಂತೆ.

“ಪುಟ ಪಕ್ಕದ ಮನೆಯದಮ್ಮ. ಅಚ್ಚಾದ ಮೇಲೆ ಓದಿ.”

ಈ ಪುಟ ಕಾರ್ಯದರ್ಶಿಯಮ್ಮನವರ ಕೈ ಸೇರುವಾಗ ಅಚ್ಚಾಗಿರುತ್ತದೆ. ಅವರು ಕೆಂಪು ಪೆನ್ನು ಹಿಡಿದೇ ಇದನ್ನು ಓದಲಿ, ನಮ್ಮ ತಪ್ಪುಗಳನ್ನು ತಿದ್ದುತ್ತ ನೂರು ಕಾಲ ನಮ್ಮ ಪಕ್ಕದ ಮನೆಯಲ್ಲೇ ಇರಲಿ.