ಎದುರಿಗೆ ಎತ್ತದ ಕಾಲು

ನಾನು ಇಂಜಿನ್ ರಿಪೇರಿ ಮಾಡುವವನು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಇಂಜಿನ್ ಬಿಚ್ಚಿ ಜೋಡಿಸುತ್ತ ಮೂವತ್ತು ವರ್ಷ ಕಳೆದಿದ್ದೇನೆ. ನನ್ನ ಬಾಯಿ ಹರಿತ, ಕೈ ಅದಕ್ಕಿಂತ ಚುರುಕು ಎಂದು ಬಂದರಿನಲ್ಲಿ ಹೇಳುತ್ತಾರೆ. ಆ ಎರಡನೆಯ ಮಾತನ್ನು ನಂಬಿಯೇ ನಾನು ಕೆಟ್ಟೆ. ಯಾವ ಯಂತ್ರ ತಂದು ಎದುರಿಗಿಟ್ಟರೂ ಅದರ ಹೊಟ್ಟೆಯೊಳಗಿನ ಸಂಗತಿ ನನಗೆ ತಿಳಿಯುತ್ತದೆ ಎಂಬ ಜಂಬ ನನಗಿತ್ತು. ತಮ್ಮನ ಕುರ್ಚಿ ಬಂದಾಗಲೂ ಹಾಗೆಯೇ ಅಂದುಕೊಂಡೆ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ತಾಂಡೇಲನಾಗಿದ್ದ, ಎಂದರೆ ಬೋಟು ನಡೆಸುವವನು. ಮದುವೆಯ ಮಾತೆತ್ತಿದರೆ "ಮುಂದಿನ ಹಂಗಾಮಿಗೆ ನೋಡ್ವಾ" ಎನ್ನುತ್ತಲೇ ನಲವತ್ತು ದಾಟಿಸಿದ್ದ. ಒಂದು ವರ್ಷ, ಹಂಗಾಮಿನ ಮೊದಲ ವಾರವೇ, ಐಸ್ ತುಂಬಿಸುವಾಗ ಬೋಟಿನ ಕ್ಯಾಬಿನ್ ಮೇಲಿನಿಂದ ಜಾರಿ, ಬೋಟು ಕಟ್ಟುವ ಧಕ್ಕೆಯ ಕಾಂಕ್ರೀಟಿನ ಮೇಲೆ ಬೆನ್ನಡಿಯಾಗಿ ಬಿದ್ದ. ಸಮುದ್ರದಲ್ಲಿ ಬಿದ್ದಿದ್ದರೆ ಈಜಿ ಬರುತ್ತಿದ್ದ. ಕುತ್ತಿಗೆಯ ಬುಡದಲ್ಲಿ ನರ ಕೆಟ್ಟಿತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದ ಮೇಲೆ ಅವನಿಗೆ ಉಳಿದದ್ದು ಭುಜ, ಮಾತು, ಬಲಗೈಯ ಎರಡು ಬೆರಳಿನ ಅಷ್ಟಿಷ್ಟು ಬಲ. ಎದೆಯಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ.

ಆ ಎರಡು ಬೆರಳಿಗೆ ಸರಿಹೊಂದುವ ಕುರ್ಚಿಯೊಂದನ್ನು ಯಾರೋ ಪುಣ್ಯವಂತರು ಕೊಡಿಸಿದರು. ಬ್ಯಾಟರಿಯದು. ಒಂದು ಕಡ್ಡಿ ತಳ್ಳಿದರೆ ಓಡುತ್ತದೆ, ಇನ್ನೊಂದು ಬಟನ್ ಒತ್ತಿದರೆ ಸೀಟು ಹಿಂದಕ್ಕೆ ವಾಲುತ್ತದೆ. ಅದನ್ನು ಕಲಿಸಿಕೊಡಲು ಕಾರವಾರದಿಂದ ಫಿಜಿಯೋಥೆರಪಿಯ ಹುಡುಗಿಯೊಬ್ಬಳು ಹಾರವಾಡದ ನಮ್ಮ ಮನೆಗೆ ಬಂದಿದ್ದಳು. ಹಣಕೋಣದವಳು, ಚಿಕ್ಕ ಪ್ರಾಯ, ಆದರೆ ಮಾತು ಖಡಕ್ಕು.

"ಇದು ಮಲಗೂ ಕುರ್ಚಿ ಅಲ್ಲ," ಎಂದಳು. "ಕೂತ ಭಂಗಿ ಹಂಗೇ ಇರ್ತದೆ, ಇಡೀ ಸೀಟೇ ಹಿಂದೆ ವಾಲ್ತದೆ. ಕಾಲು ಮೇಲೆ ಬರ್ತದೆ, ಮೈಭಾರ ಕೂತ ಜಾಗ ಬಿಟ್ಟು ಬೆನ್ನಿಗೆ ಹೋಗ್ತದೆ. ಅರ್ಧ ತಾಸಿಗೊಂದ್ಸಲ ಪೂರ್ತಿ ವಾಲಿಸಿ ಸ್ವಲ್ಪ ಹೊತ್ತು ಬಿಡ್ಬೇಕು. ನಾವು ಕೂತಲ್ಲಿ ನೋವಾದ್ರೆ ಜರುಗ್ತೇವೆ. ಇವ್ರ ಮೈ ಇವ್ರಿಗೆ ಜರುಗು ಅಂತ ಹೇಳೂದಿಲ್ಲ. ಅದ್ಕೇ ಈ ಬಟನ್."

ತಮ್ಮನ ಮೊಬೈಲಿನಲ್ಲಿ ಅರ್ಧ ತಾಸಿಗೊಮ್ಮೆ ಹೊಡೆಯುವಂತೆ ಅಲಾರಾಂ ಇಟ್ಟುಕೊಟ್ಟಳು. ಅವಳು ಹೇಳಿದ್ದನ್ನು ನಾನೂ ಕೇಳಿದೆ. ಕೇಳುತ್ತ ಕೇಳುತ್ತಲೇ ನನ್ನ ಕಣ್ಣು ಕುರ್ಚಿಯ ಬೋಲ್ಟಿನ ಮೇಲೆ ಹೋಗಿತ್ತು.

ಸೀಟು ಹಿಂದೆ ವಾಲಿದರೆ ತೂಕ ಹಿಂದಿನ ಚಕ್ರದಾಚೆ ಹೋಗಬಾರದಲ್ಲ? ಹಾಗೆ ಹೋದರೆ ಕುರ್ಚಿ ಮಗುಚುತ್ತದೆ. ಬೋಟಿಗೂ ಕುರ್ಚಿಗೂ ಇದು ಒಂದೇ ಲೆಕ್ಕ. ಅದಕ್ಕೇ ಹಿಂದೆ ಎರಡು ಪುಟ್ಟ ಗಾಲಿ ಇಟ್ಟಿದ್ದರು, ಮಗುಚದಂತೆ ತಡೆಯಲು. ಒಂದು ಮಟ್ಟಕ್ಕಿಂತ ಹೆಚ್ಚು ವಾಲಿಸಿದರೆ ಕುರ್ಚಿ ಮುಂದೆ ಓಡುತ್ತಲೇ ಇರಲಿಲ್ಲ. ಮಾಡಿದವನು ತಲೆ ಇದ್ದವನು ಎಂದು ಮನಸ್ಸಿನಲ್ಲೇ ಶಾಭಾಸ್ ಎಂದೆ. ಆಮೇಲೆ ನನ್ನ ಕೆಲಸ ಶುರು. ಸೀಟು ಇಳಿಯುವಾಗ ಬೆರಳು ಸಿಗಬಹುದಾದ ಸಂದಿಗೆ ರಬ್ಬರ್ ಪೈಪು ಸೀಳಿ ತೊಡಿಸಿದೆ. ಸೊಂಟದ ಪಟ್ಟಿಗೆ ಎರಡನೇ ಬಕಲ್ ಹಾಕಿಸಿದೆ. ಅಂಗಳದಿಂದ ಜಗಲಿಗೆ ಸಿಮೆಂಟಿನ ಇಳಿಜಾರು ಕಟ್ಟಿದೆ. ಕಟ್ಟಿ, ಪರೀಕ್ಷೆಗೆಂದು ನಾನೇ ಕೂತು ಏರಿ, ನಡುದಾರಿಯಲ್ಲಿ ನಿಂತು ಬಟನ್ ಒತ್ತಿದೆ. ಮುಂದಿನ ಚಕ್ರಗಳು ಗಾಳಿಯಲ್ಲಿ ಎದ್ದವು. ಹೆಂಡತಿ ಓಡಿಬಂದು ಹಿಂದಿನಿಂದ ಆತುಕೊಳ್ಳದಿದ್ದರೆ ನನ್ನ ತಲೆಯೇ ಪರೀಕ್ಷೆಗೆ ಬರುತ್ತಿತ್ತು.

ಜಗಲಿಯಲ್ಲಿ ಮಂಚದ ಮೇಲಿದ್ದ ತಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ದಾದಾ, ನಂಗೆ ಸಾಥ್ ಕೊಡೂಕೆ ಹೊರಟ್ಯನಾ? ಎರಡು ಕುರ್ಚಿ ಇಡೂಕೆ ಜಗಲಿ ಸಾಲೂದಿಲ್ಲ ಮಾರಾಯಾ!"

ಬಿದ್ದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ನಾನು ಇಡೀ ಇಳಿಜಾರು ಒಡೆದು, ಅಂಗಳದುದ್ದಕ್ಕೂ ಚಾಚಿ, ಮೊದಲಿನ ಅರ್ಧದಷ್ಟೂ ಕಡಿದಾಗದಂತೆ ಮತ್ತೆ ಕಟ್ಟಿದೆ. ಇನ್ನು ಈ ಕುರ್ಚಿ ಏನು ಮಾಡಿದರೂ ಬೀಳುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಬೀಳಲೂ ಇಲ್ಲ.

ಕುರ್ಚಿಯ ಜಾಗ ಗೊತ್ತುಮಾಡಿದವನೂ ನಾನೇ. ಜಗಲಿಯ ನಡುವೆ, ಸಮುದ್ರಕ್ಕೆ ಮುಖಮಾಡಿ. ಎದುರಿಗೆ ಅಂಗಳ, ಅಂಗಳದಲ್ಲಿ ತುಳಸಿ, ಅದರಾಚೆ ಮರಳು, ಮರಳಿನ ಮೇಲೆ ಎಳೆದಿಟ್ಟ ಪಾತಿದೋಣಿಗಳು, ಆಮೇಲೆ ನೀರು. ಹುಟ್ಟಿದಾಗಿನಿಂದ ಸಮುದ್ರ ನೋಡಿಕೊಂಡಿದ್ದವನಿಗೆ ಗೋಡೆ ನೋಡುವ ಶಿಕ್ಷೆ ಯಾಕೆ ಎಂದು ನನ್ನ ಯೋಚನೆ. ನೌಕಾನೆಲೆಗೆ ಜಾಗ ಕೊಟ್ಟು ಅರ್ಗಾದ ಕಡೆಯ ದಂಡೆ ಬಿಟ್ಟು ಎದ್ದು ಬಂದ ಮನೆತನ ನಮ್ಮದು. ನೀರು ಕಾಣದಿದ್ದರೆ ನಮಗೆ ಅನ್ನ ಇಳಿಯುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬರೆದಿಟ್ಟದ್ದಲ್ಲ, ಯಾರೂ ಕೂರಿಸಿ ಕಲಿಸಿದ್ದಲ್ಲ. ದೊಡ್ಡವರೆದುರು ಕಾಲು ಚಾಚುವುದಿಲ್ಲ. ತುಳಸಿಗೆ ಕಾಲು ತೋರಿಸುವುದಿಲ್ಲ. ದೋಣಿಯನ್ನು ಚಪ್ಪಲಿಯಲ್ಲಿ ಹತ್ತುವುದಿಲ್ಲ. ಹತ್ತುವ ಮುಂಚೆ ಅದರ ಮೂತಿ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತೇವೆ. ಅನ್ನ ಕೊಡುವ ಸಮುದ್ರಕ್ಕೆ ಬೆಳಗಾಗೆದ್ದು ಯಾರಾದರೂ ಅಂಗಾಲು ತೋರಿಸುತ್ತಾರೆಯೇ? ಆ ಕುರ್ಚಿ ಸರಿಯಾಗಿ ವಾಲಿತೆಂದರೆ ತಮ್ಮನ ಎರಡೂ ಅಂಗಾಲು ಎದುರಿಗೆ ಎದ್ದು ನಿಲ್ಲುತ್ತಿದ್ದವು. ತುಳಸಿಗೆ, ದೋಣಿಗೆ, ನೀರಿಗೆ, ಜಗಲಿಯ ಮೆಟ್ಟಿಲಲ್ಲಿ ಕೂತವರ ಮುಖಕ್ಕೆ.

ಮೆಟ್ಟಿಲಲ್ಲಿ ಯಾರಾದರೂ ಕೂತೇ ಇರುತ್ತಿದ್ದರು. ಅವನ ಮೇಲೆ ಊರಿಗೆ ಅಷ್ಟು ಪ್ರೀತಿ. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೊರಟ ಹೆಂಗಸರು ಬಂದು ಕೂತು ಎಲೆಯಡಿಕೆ ಹಾಕಿ ಹೋಗುವರು. ದೋಣಿಯಿಂದ ಇಳಿದವರು ಒದ್ದೆ ಬಟ್ಟೆಯಲ್ಲೇ ಬಂದು ಬಂಗಡೆ ಎಷ್ಟು ಬಿತ್ತು, ಗಾಳಿ ಎತ್ತಲಿಂದ ಬಂತು ಎಂದು ವರದಿ ಒಪ್ಪಿಸುವರು. ಮಧ್ಯಾಹ್ನ ಬಲೆಯ ಹರಕು ಹೊಲಿಯುವ ಮುದುಕರು ಬಲೆಯನ್ನೇ ನಮ್ಮ ಜಗಲಿಗೆ ತರುವರು. ಯಾರ ಹೆಜ್ಜೆ ಸದ್ದಾದರೂ ತಮ್ಮನ ಬೆರಳು ಬಟನ್ನಿಗೆ ಹೋಗುತ್ತಿತ್ತು. ಗುಂಯ್ ಎಂದು ಸೀಟು ನೆಟ್ಟಗಾಗುತ್ತಿತ್ತು, ಕಾಲು ಕೆಳಗಿಳಿಯುತ್ತಿತ್ತು. ಅವನಿಗೆ ಮರೆತರೆ ನಮ್ಮನ್ನು ಹೆತ್ತ ಆಯಿ ಒಳಗಿನಿಂದಲೇ ನೆನಪಿಸುತ್ತಿದ್ದಳು: "ಕಾಲ್ ಕೆಳ್ಗೆ ಮಾಡಾ, ಮಂದಿ ಬಂದ್ರು!"

ಬಂದವರು ಮೆಚ್ಚಿಕೊಳ್ಳುತ್ತಿದ್ದರು. ಮೈ ಹೋದರೂ ಮರ್ಯಾದೆ ಹೋಗಲಿಲ್ಲ ನೋಡು, ಎಂದು. ನಾನೂ ಮನಸ್ಸಿನಲ್ಲೇ ಬೀಗುತ್ತಿದ್ದೆ. ನಮ್ಮ ಮನೆಯ ಹುಡುಗ ಅಲ್ಲವೇ!

ಸಂಜೆ ನಾನು ಬಂದರಿನಿಂದ ಮರಳಿ, ಕೈಯ ಗ್ರೀಸು ತೊಳೆದು, ಚಹಾ ಹಿಡಿದು ಅವನ ಎದುರಿಗೆ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಅವನಿಗೆ ಬಂದರಿನ ಸುದ್ದಿ ಬೇಕು, ನನಗೆ ಬೈದುಕೊಳ್ಳಲು ಒಬ್ಬರು ಬೇಕು. ಯಾರ ಗೇರ್‌ಬಾಕ್ಸು ಕೆಟ್ಟಿತು, ಯಾವ ಪುಣ್ಯಾತ್ಮ ಆಯಿಲ್ ಹಾಕದೆ ಇಂಜಿನ್ ಸುಟ್ಟುಕೊಂಡ, ಹೇಳಿದಷ್ಟೂ ಮುಗಿಯದು. ಎರಡು ತಾಸು, ಕೆಲವೊಮ್ಮೆ ಮೂರು. ನಡುನಡುವೆ ಅವನ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಅವನು ಬೆರಳಲ್ಲಿ ತಟ್ಟಿ ಸುಮ್ಮನಾಗಿಸುತ್ತಿದ್ದ. ಒಂದು ದಿನ ನನಗೆ ಸಿಟ್ಟೇ ಬಂತು.

"ಅದ್ನ ಒಂದು ಬಂದ್ ಮಾಡಾ. ಎರಡು ಮಾತು ಆಡೂಕೆ ಬಿಡೂದಿಲ್ಲ."

"ಹೌದು ದಾದಾ," ಎಂದ.

ಮರುದಿನದಿಂದ ಸಂಜೆಯ ಅಲಾರಾಂ ಕೇಳಲಿಲ್ಲ. ಅದು ಯಾತಕ್ಕೆ ಹೊಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಹಗಲೆಲ್ಲ ವಾಲಿಸಿರುತ್ತಾನೆ, ಸಂಜೆಯದೊಂದು ತಪ್ಪಿದರೆ ಏನಾಯಿತು ಅಂದುಕೊಂಡೆ. ಊರಿನ ಒಬ್ಬೊಬ್ಬರೂ ತಾವೊಬ್ಬರೇ ಬಂದು ಹೋಗುವವರು ಎಂದು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಊರಿನ ಹಬ್ಬ ಕಳೆದ ಮೇಲೆ, ಮೈ ಒರೆಸುವಾಗ, ಕೂರುವ ಮೂಳೆಯ ಮೇಲೆ ಒಂದು ರೂಪಾಯಿಯಗಲದ ಕೆಂಪು ಕಲೆ ಆಯಿಯ ಕಣ್ಣಿಗೆ ಬಿತ್ತು. ಸೆಕೆಯ ಬೊಕ್ಕೆ ಎಂದು ಕೊಬ್ಬರಿ ಎಣ್ಣೆ ಹಚ್ಚಿದಳು. ನಾನು ಸೀಟಿನ ಬಟ್ಟೆ ಒರಟಾಯಿತೆಂದು ಮೆತ್ತಗಿನದು ಹೊಲಿಸಿ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಲೆ ಕಂಡದ್ದು ಅಷ್ಟೇ ಅಗಲ, ಒಳಗೆ ಆಗಲೇ ಮೂಳೆಯವರೆಗೆ ಕೊಳೆತಿತ್ತು. ವಾಸನೆ ಬಂದಾಗ ಮೊದಲು ಮೀನಿನದೆಂದು ತಿಳಿದು ಜಗಲಿ ತೊಳೆದೆವು. ಅವನಿಗೆ ನೋವಿಲ್ಲ, ಹೇಳುವುದಾದರೂ ಏನನ್ನು?

ಕಾರವಾರದ ಆಸ್ಪತ್ರೆಯಲ್ಲಿ ಹಣಕೋಣದ ಹುಡುಗಿ ಬಂದು ಗಾಯ ನೋಡಿದಳು. ನನ್ನನ್ನು ಹೊರಗೆ ಕರೆದು, ಕುರ್ಚಿ ದಿನಕ್ಕೆ ಎಷ್ಟು ಸಲ ವಾಲಿಸುತ್ತಿದ್ದಿರಿ ಎಂದು ಕೇಳಿದಳು. ಕುರ್ಚಿ ಒಂದು ದಿನವೂ ಬಿದ್ದಿಲ್ಲ ಎಂದೆ. ನಿಜವಾಗಿಯೂ ಅದನ್ನೇ ಹೇಳಿದೆ. ಅವಳು ಮತ್ತೆ ಅದನ್ನೇ ಕೇಳಿದಳು. ಆಮೇಲೆ ನಾನು ಒಂದೊಂದೇ ಬಿಡಿಸಿ ಹೇಳಿದೆ: ಜಗಲಿ, ತುಳಸಿ, ಬಂದು ಹೋಗುವ ಜನ, ಇಳಿಯುವ ಕಾಲು.

"ಕುರ್ಚಿ ಅಡ್ಡ ತಿರ್ಗಿಸಿ ಇಟ್ಟಿದ್ರೆ ಆಗ್ತಿತ್ತಲ್ರೀ," ಎಂದಳು. ಬೈಯಲಿಲ್ಲ. ಆಮೇಲೆ, "ನಾನೂ ಕೇಳ್ಬೇಕಿತ್ತು. ನಮ್ಮನೇಲೂ ಹಂಗೇ ಮಾಡ್ತಾರೆ," ಎಂದು ತಲೆ ತಗ್ಗಿಸಿದಳು.

ಅಷ್ಟೇ. ಜಗಲಿಯ ಗೋಡೆಯ ಕಡೆ ಕಾಲು ಮಾಡಿ ಕುರ್ಚಿ ತಿರುಗಿಸಿದ್ದರೆ ಸಾಕಿತ್ತು. ಕತ್ತು ಚೂರು ಹೊರಳಿಸಿದರೆ ಸಮುದ್ರ ಹೇಗೂ ಕಾಣುತ್ತಿತ್ತು. ನಾನು ಇಳಿಜಾರು ಒಡೆದು ಕಟ್ಟಿದವನು, ಬಕಲ್ ಹಾಕಿಸಿದವನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗಾಯ ಕತ್ತರಿಸಿ ತೊಳೆದರು, ಔಷಧ ಏರಿಸಿದರು. ನಂಜು ರಕ್ತಕ್ಕೆ ಇಳಿದಿತ್ತು. ಒಂದು ಮಧ್ಯಾಹ್ನ ಅವನ ಮಂಚದ ಬಳಿ ಕೂತಿದ್ದೆ. ಮಗ್ಗುಲಾಗಿ ಮಲಗಿಸಿದ್ದರು, ಮುಖ ನನ್ನ ಕಡೆ. ತಡೆಯಲಾರದೆ ಕೇಳಿದೆ.

"ಮಂದಿ ಬಂದಾಗ ಕಾಲು ಇಳಿಸ್ದೆ, ಅದು ಸಮ. ನಾನು ಬಂದಾಗ ಎಂತಕೆ ಇಳಿಸ್ತಿದ್ಯಾ? ನಾ ಎಂತ ಹೊರಗಿನವನಾ?"

ಅವನಿಗೆ ನಗು ಬಂತು. "ನೀನೇ ಅಲ್ದಾ ದಾದಾ ದೊಡ್ಡಂವ. ಅಪ್ಪ ಹೋದ್ಮೇಲೆ ಮತ್ಯಾರು ಇದ್ರು ನಂಗೆ? ನಿನ್ನ ಮುಖಕ್ಕೆ ಕಾಲು ಮಾಡಿ ಕೂತ್ರೆ ನಂಗೆ ಮಾತು ಬರೂದಿಲ್ಲ."

ಮೂರನೇ ದಿನ ಹೋದ. ನಾನು ಅತ್ತೆ. ಆಸ್ಪತ್ರೆಯ ಮೆಟ್ಟಿಲಲ್ಲಿ, ಹೋಗಿಬರುವವರೆದುರು, ಅತ್ತೆ. ದಿನಕ್ಕೆ ಎರಡು ಮೂರು ತಾಸು ಅವನ ಎದುರಿಗೆ ಕೂತವನು ಊರಿನಲ್ಲಿ ನನ್ನ ಬಿಟ್ಟು ಬೇರೊಬ್ಬ ಇರಲಿಲ್ಲ. ಆ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕುರ್ಚಿ ಆರು ತಿಂಗಳು ಜಗಲಿಯಲ್ಲೇ ಇತ್ತು. ಆಮೇಲೆ ಆ ಹುಡುಗಿ ಫೋನು ಮಾಡಿ, ಕಿನ್ನರ ಎಂಬ ಊರಿನಲ್ಲಿ ಒಬ್ಬ ಗದ್ದೆ ಕೆಲಸದವನು ತೆಂಗಿನ ಮರದಿಂದ ಬಿದ್ದಿದ್ದಾನೆ ಎಂದಳು. ಬ್ಯಾಟರಿ ಹೊಸದು ಹಾಕಿ, ಟೆಂಪೋದಲ್ಲಿ ಹೇರಿ ನಾನೇ ಒಯ್ದೆ. ಅವನಿಗೆ ಮೂವತ್ತೈದೂ ಆಗಿರಲಿಕ್ಕಿಲ್ಲ. ನನ್ನ ತಮ್ಮನ ಹಾಗೇನೂ ಇರಲಿಲ್ಲ, ಕಪ್ಪಗೆ, ದಪ್ಪ ಮೀಸೆ. ಕುರ್ಚಿಯನ್ನು ಅವರ ಜಗಲಿಯಲ್ಲಿ ಗೋಡೆಯ ಕಡೆ ತಿರುಗಿಸಿ ಇಟ್ಟೆ, ಅವನನ್ನು ಕೂರಿಸಿದೆವು. ನಾನು ಗೋಡೆಗೆ ಬೆನ್ನು ಹಚ್ಚಿ, ಸರಿಯಾಗಿ ಅವನ ಎದುರಿಗೆ ನೆಲದ ಮೇಲೆ ಕೂತೆ.

"ಬಟನ್ ಒತ್ತು," ಎಂದೆ.

ಅವನು ಹೆಂಡತಿಯ ಮುಖ ನೋಡಿದ. ಅವಳು ಸೆರಗು ಬಾಯಿಗೆ ಹಿಡಿದು, "ಛೇ, ದೊಡ್ಡೋರು ಎದ್ರಿಗೆ ಕೂತೀರಿ. ನೀವು ಆಚೆ ಬದಿ ಕೂರಿ, ಆಮೇಲೆ ಎತ್ತೂಕೆ ಹೇಳ್ವಾ," ಎಂದಳು.

"ಎತ್ತು ಅಂದೆ!" ಎಂದು ಕೂಗಿಬಿಟ್ಟೆ. ಬೇರೆಯವರ ಮನೆ, ಮೊದಲ ಸಲ ಹೋದದ್ದು. ಕೊಟ್ಟಿಗೆಯ ಹಸು ಕೂಡ ತಲೆಯೆತ್ತಿತು. ಅವನು ಹೆದರಿ ಒತ್ತಿದ. ಗುಂಯ್ ಎಂದು ಸೀಟು ವಾಲಿತು, ಎರಡು ಒಡಕು ಹಿಮ್ಮಡಿ, ಎರಡು ಅಂಗಾಲು ನನ್ನ ಮುಖದೆತ್ತರಕ್ಕೆ ಎದ್ದು ನಿಂತವು. ಅವನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ. ಇಳಿಸಬೇಡ ಎಂದೆ. ಬೆರಳ ಸಂದಿಯಲ್ಲಿ ಕೆಸರಿನ ಹಳೆಯ ಕಲೆ ಇನ್ನೂ ಉಳಿದಿತ್ತು. ವಾಲಿಸಿಡುವ ಹೊತ್ತು ಮುಗಿಯುವವರೆಗೆ ನಾನು ಆ ಅಂಗಾಲುಗಳನ್ನೇ ನೋಡುತ್ತ ಕೂತೆ.

ನನ್ನ ತಮ್ಮನ ಅಂಗಾಲು ನಾನು ಸರಿಯಾಗಿ ನೋಡಿದ್ದು ಒಂದೇ ಸಲ, ಅವನನ್ನು ಅಂಗಳದಲ್ಲಿ ಮಲಗಿಸಿದ ದಿನ.