ಮೊದಲು ತಾನು ಊದುವವಳು

ಸೇತುವೆ ಪಕ್ಕದ ವೃತ್ತದಲ್ಲಿ ನನ್ನ ತಂಗಿಯನ್ನು ಎಲ್ಲರೂ ಊದಕ್ಕ ಎನ್ನುತ್ತಾರೆ. ಹೆಸರಿಟ್ಟವರು ಟ್ಯಾಕ್ಸಿ ಸ್ಟ್ಯಾಂಡಿನವರು. ಬಾಡಿಗೆಯಿಲ್ಲದೆ ಬಾನೆಟ್ಟಿಗೆ ಒರಗಿ ನಿಂತವರಿಗೆ ಇಂಥ ಹೆಸರುಗಳು ಬಹಳ ಬೇಗ ಹೊಳೆಯುತ್ತವೆ. ಅವಳು ಟ್ರಾಫಿಕ್ ಪೊಲೀಸ್. ಕುಡಿದು ಗಾಡಿ ಓಡಿಸುವವರನ್ನು ಪತ್ತೆ ಮಾಡುವ, ಬಾಯಿಟ್ಟು ಊದುವ ಯಂತ್ರ ಎಂಟು ವರ್ಷದಿಂದ ಅವಳ ಕೈಯಲ್ಲಿದೆ. ಆದರೆ ಹೆಸರು ಬಂದದ್ದು ಊದಿಸುವುದಕ್ಕಲ್ಲ, ಊದುವುದಕ್ಕೆ. ಪಾಳಿಗೆ ಬಂದವಳು ಹೊಸ ಕೊಳವೆ ಸಿಕ್ಕಿಸಿ ಮೊದಲು ತಾನೇ ಊದುತ್ತಾಳೆ. ಯಂತ್ರ ಮುದ್ರಿಸಿಕೊಟ್ಟ ಸೊನ್ನೆಯ ಚೀಟಿಯನ್ನು ನಾಲ್ಕು ಜನರಿಗೆ ಕಾಣುವಂತೆ ಹಿಡಿದು, ಸಹಿ ಹಾಕಿ, ರಿಜಿಸ್ಟರಿಗೆ ಅಂಟಿಸುತ್ತಾಳೆ. ಆಮೇಲೆಯೇ ಬೇರೆಯವರ ಬಾಯಿಗೆ ಅದನ್ನು ಹಿಡಿಯುವುದು.

ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಜೊತೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಾನೆಂದರೆ ಅವಳ ಅಣ್ಣ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು, ಕೋಪ ಮೂಗಿನ ತುದಿಯಲ್ಲಿಟ್ಟುಕೊಂಡು ಹುಟ್ಟಿದವನು. ಈಗ ಡಿಪೋ ಗೇಟಿನಲ್ಲಿ ಕೂರುತ್ತೇನೆ. ಬಸ್ಸಿನಿಂದ ಗೇಟಿಗೆ ಇಳಿಸಿದವಳು ಇವಳೇ. ಅದನ್ನೇ ಹೇಳಹೊರಟಿದ್ದೇನೆ, ಎದೆಯುಬ್ಬಿಸಿಕೊಂಡೇ ಹೇಳುತ್ತೇನೆ.

ಅದಕ್ಕೂ ಮುಂಚಿನ ಒಂದು ಸಂಗತಿ ಹೇಳಿಬಿಡಬೇಕು. ಒಂಬತ್ತು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ನಾನು ಚೆನ್ನಾಗಿ ಕುಡಿದು ಸ್ಕೂಟರನ್ನು ಶಾಲೆಯ ಕಾಂಪೌಂಡಿಗೆ ಗುದ್ದಿದೆ. ಶಾಲೆಗೆ ರಜೆ, ಮಕ್ಕಳಿರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನೆನೆಸಿಕೊಳ್ಳುತ್ತೇನೆ. ಬಂದ ಪೊಲೀಸರು ಕೀಲಿ ಕಿತ್ತುಕೊಂಡರು, ಕಪಾಳಕ್ಕೆ ಎರಡು ಬಿಟ್ಟರು, ಕೊರಳಪಟ್ಟಿ ಹಿಡಿದು ಸ್ಟೇಷನ್ನಿಗೆ ಎಳೆದುಕೊಂಡು ಹೋದರು. ಬಿಡಿಸಿಕೊಳ್ಳಲು ಬಂದವಳು ತಂಗಿ. ಅವಳು ಪೊಲೀಸಾಗಿ ಆಗ ಐದು ವರ್ಷ. ಬಯ್ಯುತ್ತಾಳೆ ಎಂದುಕೊಂಡಿದ್ದೆ.

"ನಿನ್ನ ಹತ್ರ ಊದಿಸಿದ್ರಾ ಅಣ್ಣ?" ಎಂದಳು.

"ಎಲ್ಲಿಂದ? ನೋಡಿದ್ರೇ ಗೊತ್ತಾಗುತ್ತೆ ಅಂದ್ರು. ಅವರಿಗೆ ತೋಚಿದ ನಂಬರ್ ಬರ್ಕೊಂಡ್ರು."

"ನೀನು ಕುಡ್ದಿದ್ದೆ, ಸರಿ. ನಾಳೆ ಕುಡೀದೇ ಇರೋನನ್ನೂ ಹೀಗೇ ನೋಡಿ ಬರೀತಾರಲ್ಲ?"

ನನಗೆ ಆರು ತಿಂಗಳು ಲೈಸೆನ್ಸ್ ಅಮಾನತಾಯಿತು. ಇನ್ನೊಂದು ಸಲ ಸಿಕ್ಕಿಬಿದ್ದರೆ ಶಾಶ್ವತವಾಗಿ ರದ್ದು ಎಂದು ಆದೇಶದಲ್ಲೇ ಬರೆದಿದ್ದರು. ಅಮ್ಮನ ಮುಂದೆ ಕೂತು, ಇನ್ನು ಮುಟ್ಟುವುದಿಲ್ಲ ಎಂದೆ. ತಂಗಿ ಮುಂದಿನ ವರ್ಷ ಯಾರಿಗೂ ಬೇಡವಾಗಿದ್ದ ಯಂತ್ರದ ಡ್ಯೂಟಿಯನ್ನು ತಾನಾಗಿ ಕೇಳಿ ಹಾಕಿಸಿಕೊಂಡಳು. ನಿಯಮದ ಪುಸ್ತಕವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ತರಕಾರಿ ಹೆಚ್ಚುತ್ತ ಓದುತ್ತಿದ್ದಳು. ಓಡಿಸುವವನ ಕೀಲಿಗೆ ಕೈ ಹಾಕಕೂಡದು. ಕೊಳವೆಯ ಪ್ಯಾಕೆಟ್ಟನ್ನು ಅವನ ಕಣ್ಣೆದುರೇ ಒಡೆಯಬೇಕು. ಬಾಯಿ ಮುಕ್ಕಳಿಸಲು ನೀರು ಕೊಡಬೇಕು, ಕಾಲು ಗಂಟೆ ಕಾಯಬೇಕು. ಚೀಟಿಯ ಒಂದು ಪ್ರತಿ ಅವನ ಕೈಗೆ ಸಿಗಬೇಕು. ಅವಳ ಮನೆಗೆ ಹೋದವರಿಗೆಲ್ಲ ಇದನ್ನು ಒಪ್ಪಿಸುತ್ತಿದ್ದಳು. ಪಕ್ಕದ ಮನೆಯವರು ಹೋಗುವುದನ್ನೇ ಕಡಿಮೆ ಮಾಡಿದರು.

ಎಂಟೂವರೆ ವರ್ಷ ನಾನು ಮಾತು ಉಳಿಸಿಕೊಂಡೆ. ಆಮೇಲೆ ನಮ್ಮ ಡಿಪೋದ ಮೆಕ್ಯಾನಿಕ್ ನಿವೃತ್ತನಾದ. ನನ್ನ ಬಸ್ಸಿನ ಬ್ರೇಕು ಹದಿನೈದು ವರ್ಷ ನೋಡಿಕೊಂಡ ಮನುಷ್ಯ, ಬೀಳ್ಕೊಡುಗೆಯ ಸಂಜೆ ಲೋಟ ಕೈಗಿಟ್ಟ. ಒಂದೇ ಒಂದು ಎಂದೆ. ಆ ಒಂದು ಎಲ್ಲಿಗೆ ಹೋಗಿ ನಿಂತಿತೋ ನನಗೂ ತಿಳಿಯದು, ಅವನಿಗೂ ತಿಳಿಯದು. ಬೆಳಿಗ್ಗೆ ಎದ್ದು ತಣ್ಣೀರು ಸುರಿದುಕೊಂಡೆ, ಎರಡು ಸಲ ಹಲ್ಲುಜ್ಜಿದೆ, ಶುಂಠಿ ಜಗಿದೆ. ತಲೆ ಹಗುರಾಗಿತ್ತು. ನಿದ್ದೆ ಮಾಡಿ ಎದ್ದರೆ ಕುಡಿದದ್ದು ಕಳೆಯಿತು ಎಂಬುದು ಡ್ರೈವರುಗಳ ನಂಬಿಕೆ. ಊರಿನ ಅರ್ಧ ಬಸ್ಸುಗಳು ಇದೇ ನಂಬಿಕೆಯ ಮೇಲೆ ಓಡುತ್ತಿದ್ದವು.

ಎಂಟು ಗಂಟೆಗೆ, ನಲವತ್ತು ಜನರನ್ನು ತುಂಬಿಕೊಂಡು ಸೇತುವೆ ಇಳಿದರೆ ತಪಾಸಣೆ ನಡೆಯುತ್ತಿದೆ. ರಸ್ತೆ ಬದಿಯಲ್ಲಿ ಒಂಬತ್ತು ಗಾಡಿಗಳು ಸಾಲಾಗಿ ನಿಂತಿವೆ. ಒಂಬತ್ತು ಜನ ಫುಟ್‌ಪಾತಿನ ಮೇಲೆ ತಲೆಮೇಲೆ ಕೈ ಹೊತ್ತು ಕೂತಿದ್ದಾರೆ. ಇನ್‌ಸ್ಪೆಕ್ಟರ್ ಸಾಹೇಬರು ಮಾತ್ರ ಖುಷಿಯಲ್ಲಿದ್ದರು. ಒಂದೇ ಬೆಳಿಗ್ಗೆಗೆ ಒಂಬತ್ತು ಕೇಸು ಸಿಗುವುದೆಂದರೆ ಸುಮ್ಮನೆಯೇ? ಬೆಳಗಿನ ಪಾಳಿಯವನಿಂದ ತಂಗಿ ಅದೇ ತಾನೇ ಯಂತ್ರ ತೆಗೆದುಕೊಂಡಿದ್ದಳು. ಮೊದಲು ಬಂದ ಗಾಡಿ ನನ್ನದು.

ನನಗೆ ಧೈರ್ಯವೇ ಇತ್ತು. ಸ್ವಂತ ತಂಗಿ, ಕೈ ಬೀಸಿ ಕಳಿಸುತ್ತಾಳೆ ಎಂದು ಕಿಟಕಿಯಿಂದ ನಕ್ಕೆ.

"ಎಂಜಿನ್ ಆಫ್ ಮಾಡಿ, ಡ್ರೈವರೇ. ಕೀಲಿ ನಿಮ್ಮ ಹತ್ರಾನೇ ಇರಲಿ."

ಡ್ರೈವರೇ! ಎತ್ತಿ ಆಡಿಸಿದ ಅಣ್ಣನನ್ನು ಬಹುವಚನದಲ್ಲಿ ಕರೆದಳು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ಅವಳು ಮುಖವನ್ನೂ ನೋಡದೆ ನೀರಿನ ಬಾಟಲಿ ಕೊಟ್ಟಳು. ಬಾಯಿ ಮುಕ್ಕಳಿಸಿದ್ದಾಯಿತು, ಕಾಲು ಗಂಟೆ ಕಾಯಲು ಕೂತದ್ದಾಯಿತು. ಕಾಯುತ್ತಿರುವಾಗ ಅವಳು ತನ್ನ ಪದ್ಧತಿಯಂತೆ ಹೊಸ ಕೊಳವೆ ಸಿಕ್ಕಿಸಿ ತಾನು ಊದಿದಳು.

ಯಂತ್ರ ಕಿರ್ರೆಂದು ಕೂಗಿತು. ಮೂವತ್ತೆಂಟು. ಮೂವತ್ತು ದಾಟಿದರೆ ಕೇಸು.

ಫುಟ್‌ಪಾತಿನ ಮೇಲಿದ್ದ ಒಂಬತ್ತು ಜನ ಒಮ್ಮೆಲೇ ಎದ್ದು ನಿಂತರು. ಕೆಮ್ಮಿನ ಔಷಧಿಯಲ್ಲೂ ಅಮಲಿರುತ್ತದೆಂದು ಕಷಾಯದಲ್ಲೇ ಕಾಲ ಹಾಕುವವಳು ಅವಳು. "ಊದಕ್ಕನೂ ನಮ್ಮ ಪಾರ್ಟೀನೇ!" ಎಂದು ಟ್ಯಾಕ್ಸಿಯವನೊಬ್ಬ ಚಪ್ಪಾಳೆ ತಟ್ಟಿದ. ಸಾಹೇಬರು ಓಡಿ ಬಂದರು.

"ಅದನ್ನ ಹರಿದುಹಾಕಮ್ಮ. ಇನ್ನೊಂದ್ ಸಲ ಊದಿದ್ರೆ ಸರಿಹೋಗುತ್ತೆ."

"ಚೀಟೀಲಿ ಸಾಲು ನಂಬರ್ ಇದೆ ಸರ್. ಹರಿದ್ರೆ ಒಂದು ನಂಬರ್ ಕಾಣೆಯಾಗುತ್ತೆ."

"ಡ್ಯೂಟಿ ಮೇಲೆ ಕುಡಿದಿದ್ದಾಳೆ ಅಂತ ದಾಖಲೆ ಆಗುತ್ತಮ್ಮ! ನಿನ್ನ ಕೆಲಸಕ್ಕೇ ಸಂಚಕಾರ."

"ಆಗಲಿ ಸರ್. ಈ ಯಂತ್ರ ನನ್ನನ್ನ ಕುಡುಕಿ ಅಂದ್ರೆ, ಇವರ ಬಗ್ಗೆ ಹೇಳಿದ್ದನ್ನ ಹೇಗೆ ನಂಬೋದು?"

ಬೆಳಗಿನ ಪಾಳಿಯವನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡು, ಆರೂವರೆಗೆ ಯಾರೋ ಯಂತ್ರದ ಮೇಲೆ ಸೀನಿದರು, ಗಲೀಜಾಯಿತೆಂದು ಸ್ಪಿರಿಟ್ ಹಾಕಿ ಚೆನ್ನಾಗಿ ಒರೆಸಿದೆ ಎಂದ. ಶುಚಿ ಬಹಳ ಅವನಿಗೆ. ಆರೂವರೆಯ ನಂತರ ಊದಿದವರೆಲ್ಲ ಕುಡುಕರಾದದ್ದು ಹಾಗೆ. ತಂಗಿ ಚೀಟಿಯಲ್ಲಿ ಕುಡಿದವರ ಹೆಸರು ಬರೆಯುವ ಜಾಗದಲ್ಲಿ ತನ್ನ ಹೆಸರು ಬರೆದು, ಸಹಿ ಹಾಕಿ, ಅಂಟಿಸಿದಳು. ಪಕ್ಕದ ಠಾಣೆಗೆ ಫೋನ್ ಮಾಡಿ ಬೇರೆ ಯಂತ್ರ ಕಳಿಸಲು ಹೇಳಿದಳು.

ನನ್ನ ಹೊಟ್ಟೆಗೆ ಹಾಲೆರೆದಂತಾಯಿತು. ಸ್ಟೀರಿಂಗ್ ತಟ್ಟಿ, "ಹಾಗಾದ್ರೆ ನಾನು ಹೊರಡ್ತೀನಮ್ಮ, ಲೇಟಾಯ್ತು" ಎಂದೆ.

"ಯಂತ್ರ ತಪ್ಪು ಅಂತ ಗೊತ್ತಾಯ್ತು, ಡ್ರೈವರೇ. ನೀವು ಸರಿ ಅಂತ ಇನ್ನೂ ಗೊತ್ತಾಗಿಲ್ಲ."

ಪ್ರಯಾಣಿಕರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿದಳು. ಖಾಲಿ ಬಸ್ಸಿನಲ್ಲಿ ನಾನೂ ಕಂಡಕ್ಟರೂ ನಲವತ್ತು ನಿಮಿಷ ಕೂತೆವು. ಎರಡು ಬಾಟಲಿ ನೀರು ಕುಡಿದೆ. ಅವಳನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಬೇರೆ ಯಂತ್ರ ಬಂತು. ಮೊದಲು ಅವಳು ಊದಿದಳು: ಸೊನ್ನೆ. ಆ ಒಂಬತ್ತು ಜನ ಊದಿದರು: ಎಂಟು ಸೊನ್ನೆ, ಒಂದು ಆರು. ಶಾಲೆಯ ವ್ಯಾನು ಓಡಿಸುವವನೊಬ್ಬ ಅಳುತ್ತಲೇ ಅವಳಿಗೆ ಕೈಮುಗಿದ. ಆಮೇಲೆ ನಾನು ಊದಿದೆ.

ಮೂವತ್ತನಾಲ್ಕು.

"ನಾಲ್ಕೇ ನಾಲ್ಕು ಜಾಸ್ತಿ" ಎಂದೆ.

ಅವಳು ಪೆನ್ನು ತೆಗೆದಳು. ಒಂದೊಂದೇ ಅಕ್ಷರ ನೆಟ್ಟಗೆ ಬರೆದಳು. "ಇಪ್ಪತ್ತೊಂಬತ್ತಿದ್ದಿದ್ರೆ ಕಳಿಸ್ತಿದ್ದೆ. ಮೂವತ್ತೊಂದಿದ್ರೂ ಬರೀತಿದ್ದೆ. ಇಲ್ಲಿ ಸಹಿ ಹಾಕಿ."

ಆ ಬೆಳಗಿನ ಹತ್ತು ಜನರಲ್ಲಿ ಕೇಸು ನಿಂತದ್ದು ನನ್ನೊಬ್ಬನದು.

ಮೂರು ತಿಂಗಳು ನಾವು ಅಣ್ಣ ತಂಗಿಯಂತೆ ಮಾತಾಡಲಿಲ್ಲ. ಇತ್ತ ನನ್ನ ಕೇಸು, ಅತ್ತ ಅವಳ ಮೇಲೆ ಇಲಾಖೆಯ ವಿಚಾರಣೆ. ಒಂಬತ್ತು ಕೇಸು ಕೈತಪ್ಪಿದ ಸಿಟ್ಟಿಗೆ ಸಾಹೇಬರು, ಎರಡನೇ ಯಂತ್ರದ ಸೊನ್ನೆಯ ಮಾತೇ ಎತ್ತದೆ, ಚೀಟಿ ಮೂವತ್ತೆಂಟು ತೋರಿಸಿದೆ, ಇವಳು ಕುಡಿದೇ ಬಂದಿದ್ದಿರಬಹುದು ಎಂದು ವರದಿ ಬರೆದಿದ್ದರು. ನನ್ನ ವಕೀಲರಿಗೆ ಇದು ತಿಳಿದದ್ದೇ ತಡ, ಕುರ್ಚಿಯಲ್ಲಿ ಕುಣಿದಾಡಿದರು.

"ನಿಮ್ಮ ತಂಗಿಯ ಚೀಟಿ ಒಂದಿದ್ರೆ ಸಾಕು ಮಾರಾಯ್ರೇ. ನಿಮ್ಮ ಮೇಲೆ ಬರೆದವಳೇ ಕುಡಿದಿದ್ಲು ಅಂತ ವಾದ ಮಾಡ್ತೀನಿ. ಕೇಸು ಬಿದ್ದುಹೋಗುತ್ತೆ, ಲೈಸೆನ್ಸ್ ಉಳಿಯುತ್ತೆ."

"ಅವಳ ಕೆಲಸ?"

"ಅದು ಅವಳ ಹಣೆಬರಹ. ನೀವು ನಿಮ್ಮದು ನೋಡ್ಕೊಳ್ಳಿ."

ಸುಳ್ಳೇಕೆ ಹೇಳಲಿ, ಆಸೆಯಾಯಿತು. ಬಸ್ಸು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಚೀಟಿಯ ಪ್ರತಿ ಹೇಗೆ ಸಂಪಾದಿಸುವುದು ಎಂದು ಯೋಚಿಸುತ್ತಿದ್ದಾಗ, ಒಂದು ಸಂಜೆ ತಂಗಿಯೇ ಯೂನಿಫಾರಮ್ಮಿನಲ್ಲಿ ಮನೆ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಲಕೋಟೆಯೊಂದನ್ನು ಚಾಚಿದಳು. ಒಳಗೆ ಎರಡು ಚೀಟಿಗಳ ಪ್ರತಿ: ನನ್ನ ಮೂವತ್ತನಾಲ್ಕು, ಅವಳ ಮೂವತ್ತೆಂಟು.

"ಯಾಕೆ ತಂದೆ ಇದನ್ನ?" ಎಂದೆ. "ಇದನ್ನಿಟ್ಕೊಂಡು ನಾನು ಏನು ಮಾಡಬಹುದು ಅಂತ ಗೊತ್ತಾ?"

"ಗೊತ್ತು. ಆರೋಪಿಗೆ ದಾಖಲೆ ಕೊಡಬೇಕು. ಇದು ತಲುಪಿದ್ದಕ್ಕೆ ಇಲ್ಲೊಂದು ಸಹಿ ಹಾಕಿ."

ಸಹಿ ಹಾಕಿಸಿಕೊಂಡು ಹೋದಳು. ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಲೋಟ ಕುಕ್ಕಿದ ಸದ್ದು ಬಂತು. ನಾನು ಆ ಲಕೋಟೆಯನ್ನು ವಕೀಲರಿಗೆ ಕೊಟ್ಟೆ. ಹೌದು, ಕೊಟ್ಟೆ.

ಕೋರ್ಟಿನಲ್ಲಿ ಅವಳು ಕಟಕಟೆ ಹತ್ತಿದಳು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಕಟ್ಟಿದ ಕೂದಲು. ವಕೀಲರು ಚೀಟಿಯನ್ನು ಬಾವುಟದಂತೆ ಬೀಸಿದರು.

"ಈ ಯಂತ್ರ ನೀವು ಕುಡಿದಿದ್ದೀರಿ ಅಂತ ತೋರಿಸ್ತೋ ಇಲ್ವೋ?"

"ತೋರಿಸ್ತು."

"ಹಾಗಾದ್ರೆ ಕುಡಿದಿದ್ರಿ?"

"ಇಲ್ಲ. ಯಂತ್ರ ಕೆಟ್ಟಿತ್ತು, ಬೇರೆಯದರಲ್ಲಿ ಸೊನ್ನೆ ಬಂತು. ಅದಕ್ಕೇ ಚೀಟಿ ಹರೀದೆ ಇಟ್ಟೆ."

"ಆರೋಪಿ ನಿಮ್ಮ ಒಡಹುಟ್ಟಿದ ಅಣ್ಣ. ಒಂಬತ್ತು ಜನ ಹೊರಗಿನವರನ್ನ ಬಿಟ್ಟು ಅಣ್ಣನೊಬ್ಬನನ್ನೇ ಹಿಡಿದಿರಿ. ಅಷ್ಟು ದ್ವೇಷ ಯಾಕೆ ಅವರ ಮೇಲೆ?"

ಅವಳು ಆವತ್ತಿನಿಂದ ಮೊದಲ ಸಲ ನನ್ನ ಮುಖ ನೋಡಿದಳು.

"ದ್ವೇಷ ಇದ್ದಿದ್ರೆ ಬಸ್ಸು ಬಿಟ್ಟು ಕಳಿಸ್ತಿದ್ದೆ ಸ್ವಾಮಿ. ಓಡಿಸ್ಕೊಂಡು ಹೋಗಿ ಎಲ್ಲಾದ್ರೂ ಗುದ್ದಲಿ ಅಂತ."

ವಕೀಲರು ಮುಂದಿನ ಪ್ರಶ್ನೆಗೆ ಬಾಯಿ ತೆರೆದರು. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಕೂರಿ ಎಂದು ಯಾರೋ ಗದರಿದರು. ಕೂರಲಿಲ್ಲ.

"ನಾನು ಕುಡಿದಿದ್ದೆ ಸ್ವಾಮಿ. ಹಿಂದಿನ ದಿನ ಸಂಜೆ ಶುರು ಮಾಡಿದ್ದು, ಎಷ್ಟು ಅಂತ ನನಗೇ ಗೊತ್ತಿಲ್ಲ. ಬಸ್ಸಲ್ಲಿ ನಲವತ್ತು ಜನ ಇದ್ರು. ನನ್ನ ತಂಗಿ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವಳಲ್ಲ. ಅವಳು ಬರೆದದ್ದು ಅಕ್ಷರ ಅಕ್ಷರ ನಿಜ."

ವಕೀಲರು ಫೈಲು ಮುಚ್ಚಿ ನನ್ನನ್ನು ನುಂಗುವಂತೆ ನೋಡಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು, ಆಮೇಲೆ ನಿಧಾನವಾಗಿ ಬರೆಸಿದರು. ನನ್ನ ಲೈಸೆನ್ಸ್ ರದ್ದಾಯಿತು. ಅವಳು ಮಾಡಿದ್ದು ನಿಯಮಕ್ಕೆ ಸರಿಯಾಗಿದೆ ಎಂಬ ಸಾಲೂ ಆದೇಶದಲ್ಲಿ ಸೇರಿತು. ಆ ಸಾಲು ಓದಿ ಇಲಾಖೆ ವಿಚಾರಣೆಯಿಂದ ಕೈತೊಳೆದುಕೊಂಡಿತು. ಈಗ ಡಿಪೋ ಗೇಟಿನಲ್ಲಿ, ಬಸ್ಸು ಹೊರಡುವ ಮುಂಚೆ ಡ್ರೈವರುಗಳ ಹತ್ತಿರ ಊದಿಸುವವನು ನಾನೇ. ಮೊದಲು ನಾನು ಊದುತ್ತೇನೆ. ಸೊನ್ನೆಯ ಚೀಟಿಗಳನ್ನು ಒಂದೂ ಬಿಡದೆ ಅಂಟಿಸಿ ಇಟ್ಟಿದ್ದೇನೆ.

ಆವತ್ತು ಕೋರ್ಟಿನಿಂದ ಹೊರಗೆ ಬಂದಾಗ ಅವಳು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ಕಣ್ಣು ಕೆಂಪಗಿದ್ದವು. ಇನ್ನೊಂದು ಹೆಲ್ಮೆಟ್ ಚಾಚಿದಳು.

"ಹತ್ತು ಅಣ್ಣ. ಹಿಂದೆ ಕೂತ್ಕೊ."

ಅಣ್ಣ ಎಂದಳು. ಮೂರು ತಿಂಗಳಾಗಿತ್ತು ಆ ಮಾತು ಕೇಳಿ. ಇಪ್ಪತ್ತೆರಡು ವರ್ಷ ಮುಂದಿನ ಸೀಟು ಬಿಟ್ಟು ಕೂತವನಲ್ಲ ನಾನು. ಬಾಯಿ ಮುಚ್ಚಿಕೊಂಡು ಹಿಂದೆ ಹತ್ತಿದೆ. ವೃತ್ತದ ಸಿಗ್ನಲ್ಲಿನಲ್ಲಿ ನಿಂತಾಗ ಟ್ಯಾಕ್ಸಿ ಸ್ಟ್ಯಾಂಡಿನವನೊಬ್ಬ ನಮ್ಮ ಕಡೆ ಬೆರಳು ತೋರಿಸಿ ಕೂಗಿದ, "ನೋಡ್ರೋ, ಊದಕ್ಕ ಇವತ್ತು ಯಾವನೋ ಕುಡುಕನ್ನ ಹಿಡ್ಕೊಂಡು ಹೋಗ್ತಿದಾಳೆ!"

ನಾನು ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ವೃತ್ತಕ್ಕೆಲ್ಲ ಕೇಳುವ ಹಾಗೆ ಕೂಗಿದೆ: "ಹೌದು ಕಣಯ್ಯ, ಹಿಡಿದಿದ್ದಾಳೆ! ನನ್ನ ತಂಗಿ ಕಣಯ್ಯ ಇವಳು!"